ಅಚ್ಚುಮೊಳೆಯಿಂದ ಅಂಗೈಯ ತೆರೆಯವರೆಗೆ: ಗೋವೆಯ ನೆಲದಲ್ಲಿ ಓದಿನ ಚರಿತ್ರೆ

ಶಾಲೆಯೊಂದಕ್ಕೆ ನೂರು ವರ್ಷ ತುಂಬಿದಾಗ ಅದನ್ನು ಕಟ್ಟಿದವರನ್ನೂ ಅಲ್ಲಿ ಕಲಿಸಿದ ಗುರುಗಳನ್ನೂ ಅಲ್ಲಿಂದ ಹೊರಟು ಹೆಸರು ಗಳಿಸಿದವರನ್ನೂ ನೆನೆಯುವುದು ವಾಡಿಕೆ. ಆ ಪುಣ್ಯಕಾರ್ಯವನ್ನು ಈ ಸಂಪುಟದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಮಾಡಿದ್ದಾರೆ. ನಾನು ಆರಿಸಿಕೊಂಡಿರುವುದು ಓದಿನ ಚರಿತ್ರೆ. ಈಚೆಗೆ ನಡೆದ ಪೋಷಕರ ಸಭೆಗಳಲ್ಲೆಲ್ಲ ನನ್ನ ಮುಂದೆ ಬಂದ ಪ್ರಶ್ನೆ ಒಂದೇ: ಮಕ್ಕಳ ಕೈಗೆ ಮೊಬೈಲು ಬಂದ ಮೇಲೆ ಪುಸ್ತಕದ ಗತಿಯೇನು, ಅದರಲ್ಲಿಯೂ ಕನ್ನಡ ಪುಸ್ತಕದ ಗತಿಯೇನು? ಈ ಪ್ರಶ್ನೆಗೆ ಗೋವೆಯಲ್ಲಿ ಕುಳಿತು ಉತ್ತರ ಹುಡುಕುವವರಿಗೆ ಒಂದು ಅನುಕೂಲವಿದೆ. ಓದಿನ ಸಾಧನ ಬದಲಾದಾಗ ಭಾಷೆಗೂ ಲಿಪಿಗೂ ಏನಾಗುತ್ತದೆ ಎಂಬುದನ್ನು ಭಾರತದ ಬೇರೆಲ್ಲ ಪ್ರದೇಶಗಳಿಗಿಂತ ಮೊದಲು ಕಂಡ ನೆಲ ಇದು. ಭಾರತದ ಮೊದಲ ಮುದ್ರಣಯಂತ್ರ ಬಂದಿಳಿದದ್ದು ಇಲ್ಲಿಯೇ, 1556ರ ಸೆಪ್ಟೆಂಬರ್ ತಿಂಗಳಿನಲ್ಲಿ.

ಯಂತ್ರ ಬರುವ ಮೊದಲು ಇಲ್ಲಿ ಓದು ಹೇಗಿತ್ತು ಎಂಬುದನ್ನು ಮೊದಲು ನೋಡಬೇಕು. ಗೋವೆಯ ಕದಂಬರ ಶಾಸನಗಳಲ್ಲಿ ಸಂಸ್ಕೃತದೊಂದಿಗೆ ಕನ್ನಡವೂ ಇದೆ. ಕದಂಬರ ನಂತರವೂ ಊರಿನ ಲೆಕ್ಕಪತ್ರ, ಜಮೀನಿನ ದಾಖಲೆಗಳಿಗೆ ಬಹುಕಾಲ ಬಳಕೆಯಲ್ಲಿದ್ದ ಲಿಪಿಯೊಂದಕ್ಕೆ ವಿದ್ವಾಂಸರು 'ಗೋಯ್‌ಕಾನಡಿ' ಅಥವಾ 'ಕಂದೇವಿ' ಎಂಬ ಹೆಸರು ಕೊಟ್ಟಿದ್ದಾರೆ. ಅದು ನಮ್ಮ ಕನ್ನಡ ಲಿಪಿಯ ಬಳಗದ್ದೇ. ಬರೆಯುತ್ತಿದ್ದ ಭಾಷೆ ಹೆಚ್ಚಾಗಿ ಕೊಂಕಣಿ ಅಥವಾ ಮರಾಠಿ. ಅಕ್ಷರ ಮಾತ್ರ ಕನ್ನಡದ ಸೋದರ. ಕಥೆ, ಪುರಾಣಗಳ ವಿಷಯದಲ್ಲಿ ಹೇಳುವುದಾದರೆ, ಒಬ್ಬರು ಓದಿ ನೂರು ಜನ ಕೇಳುವುದೇ ಅಂದಿನ ಓದು. ಕನ್ನಡ ನಾಡಿನಲ್ಲಿ ಕುಮಾರವ್ಯಾಸನ ಭಾರತ ಗಮಕಿಗಳ ಕಂಠದಿಂದ ಊರೂರು ತಲುಪಿದಂತೆ, ಇಲ್ಲಿಯೂ ದೇವಸ್ಥಾನದ ಅಂಗಳದಲ್ಲಿ ಪುರಾಣ ಪಠಣ, ಕೀರ್ತನೆಗಳ ಮೂಲಕ ಕಥೆ ಹರಿದಾಡುತ್ತಿತ್ತು. ಪಣಜಿಯ ಸರಕಾರಿ ಕೇಂದ್ರ ಗ್ರಂಥಾಲಯಕ್ಕೆ ಕೃಷ್ಣದಾಸ ಶಾಮನ ಹೆಸರಿದೆ. ಆತ 16ನೆಯ ಶತಮಾನದವನು, ಕೆಳೋಶಿ ಗ್ರಾಮದವನು, ಕೃಷ್ಣಚರಿತ್ರೆಯನ್ನು ಬರೆದವನು. ಅಂದಿನ ಗೋವೆಯ ಕಥಾಸಾಹಿತ್ಯದ ಕೆಲವು ಹಸ್ತಪ್ರತಿಗಳು ಇಂದು ಉಳಿದಿರುವುದು ಇಲ್ಲಿಂದ ಸಾವಿರಾರು ಮೈಲಿ ದೂರದ ಪೋರ್ಚುಗಲ್ಲಿನ ಬ್ರಾಗಾ ನಗರದ ಗ್ರಂಥಾಲಯದಲ್ಲಿ. ಅದೂ ಪಾದ್ರಿಗಳು ತಮ್ಮ ಅಭ್ಯಾಸಕ್ಕಾಗಿ ರೋಮನ್ ಲಿಪಿಯಲ್ಲಿ ನಕಲು ಮಾಡಿಕೊಂಡ ರೂಪದಲ್ಲಿ.

1556ರಲ್ಲಿ ಬಂದ ಆ ಯಂತ್ರ ಗೋವೆಗಾಗಿ ಬಂದದ್ದೂ ಅಲ್ಲ ಎಂಬುದು ಚರಿತ್ರೆಯ ಒಂದು ತಮಾಷೆ. ಅದು ಅಬಿಸೀನಿಯಕ್ಕೆ, ಎಂದರೆ ಇಂದಿನ ಇಥಿಯೋಪಿಯಕ್ಕೆ, ಹೊರಟಿದ್ದ ಜೆಸ್ಯುಯಿಟ್ ಪಾದ್ರಿಗಳ ಸಾಮಾನಿನಲ್ಲಿತ್ತು. ಮುಂದಿನ ಪಯಣ ನಿಂತುಹೋಗಿ ಯಂತ್ರ ಹಳೆಗೋವೆಯ ಸಂತ ಪೌಲರ ಕಾಲೇಜಿನಲ್ಲಿಯೇ ಉಳಿಯಿತು. ಹ್ವಾನ್ ದೆ ಬುಸ್ತಮಾಂತೆ ಎಂಬ ಸ್ಪೇನ್ ದೇಶದ ಮುದ್ರಕ ಅದನ್ನು ನಡೆಸಿದ. ಅವನೊಂದಿಗೆ ಮುದ್ರಣ ಬಲ್ಲ ಭಾರತೀಯನೊಬ್ಬನೂ ಇದ್ದನೆಂದು ಅಂದಿನ ಪತ್ರಗಳು ಹೇಳುತ್ತವೆ. ಅವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. 1563ರಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಭಾರತದ ಗಿಡಮೂಲಿಕೆಗಳ ಬಗ್ಗೆ ಬರೆದ ಪ್ರಸಿದ್ಧ ಗ್ರಂಥ ಗೋವೆಯಲ್ಲಿಯೇ ಅಚ್ಚಾಯಿತು. ಆದರೆ ಅದು ಪೋರ್ಚುಗೀಸ್ ಭಾಷೆಯಲ್ಲಿತ್ತು. ಅಚ್ಚುಕೂಟವಿದ್ದ ಊರಿನ ಜನರ ಭಾಷೆ ಅಚ್ಚಿನ ಹೊರಗೇ ಉಳಿದಿತ್ತು.

ಭಾರತೀಯ ಲಿಪಿಯೊಂದು ಭಾರತದಲ್ಲಿ ಮೊದಲು ಅಚ್ಚಾದದ್ದು ತಮಿಳಿನಲ್ಲಿ. ಅದರ ಅಚ್ಚುಮೊಳೆಗಳನ್ನು ಗೋವೆಯಲ್ಲಿ ಎರಕ ಹೊಯ್ದು, 1578ರಲ್ಲಿ ಕೊಲ್ಲಂನಲ್ಲಿ 'ತಂಬಿರಾನ್ ವಣಕ್ಕಂ' ಎಂಬ ಕಿರುಪುಸ್ತಕವನ್ನು ಮುದ್ರಿಸಿದರು. ತಮಿಳಿಗೆ ಆದದ್ದು ಗೋವೆಯ ಲಿಪಿಗೇಕೆ ಆಗಲಿಲ್ಲ? ಉತ್ತರ ಒಂದು ಪತ್ರದಲ್ಲಿದೆ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ 1579ರಲ್ಲಿ ಗೋವೆಗೆ ಬಂದು, ಸಾಯುವವರೆಗೆ ಇಲ್ಲಿಯೇ ಇದ್ದು, ಇಲ್ಲಿನ ಜನರ ಮಾತನ್ನು ಕಲಿತವನು. ಆತ 1608ರಲ್ಲಿ ರೋಮಿನಲ್ಲಿದ್ದ ತನ್ನ ಸಂಸ್ಥೆಯ ಮುಖ್ಯಸ್ಥರಿಗೆ ಪತ್ರ ಬರೆದು, ಈ ನಾಡಿನ ಭಾಷೆಯಲ್ಲಿ, ಈ ನಾಡಿನ ಲಿಪಿಯಲ್ಲಿಯೇ ಪುಸ್ತಕ ಅಚ್ಚಾಗಬೇಕೆಂಬುದು ತನ್ನ ಬಹುಕಾಲದ ಆಸೆಯೆಂದು ತಿಳಿಸಿದ. ಆಸೆ ಕೈಗೂಡದಿರುವುದಕ್ಕೆ ಅವನು ಕೊಟ್ಟ ಒಂದು ಕಾರಣ ಮೇಲಧಿಕಾರಿಯ ಅಪ್ಪಣೆ ಬೇಕಾಗಿದ್ದುದು. ಇನ್ನೊಂದು ಕಾರಣ ಅಕ್ಷರಗಳ ಸಂಖ್ಯೆ. ಯೂರೋಪಿನ ಮುದ್ರಕನಿಗೆ 24 ಅಚ್ಚು ಸಾಕು. ಇಲ್ಲಿ 600 ಅಚ್ಚುಗಳನ್ನು ಎರಕ ಹೊಯ್ಯಬೇಕು, ಅದು ಅಸಾಧ್ಯವೆಂದು ಎಲ್ಲರಿಗೂ ತೋರಿತ್ತು.

ಗೋವೆಯವರೇ ಆದ ವಿದ್ವಾಂಸ ಅನಂತ ಕಾಕಬಾ ಪ್ರಿಯೋಳಕರ್ ಅವರು ಭಾರತದ ಮುದ್ರಣ ಚರಿತ್ರೆಯ ಬಗ್ಗೆ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪತ್ರವನ್ನು ಉಲ್ಲೇಖಿಸಿದ್ದಾರೆ. ಅದನ್ನು ಓದಿದಾಗಿನಿಂದ ಆ 600 ಎಂಬ ಸಂಖ್ಯೆ ನನ್ನ ತಲೆಯಿಂದ ಹೋಗಿಲ್ಲ. ಒಂದನೆಯ ತರಗತಿಯ ಮಗುವಿಗೆ ಕಾಗುಣಿತ ಕಲಿಸಿದ ಯಾವ ಅಧ್ಯಾಪಕಿಗೂ ಆ ಪಾದ್ರಿಯ ಸಂಕಟ ಅರ್ಥವಾಗುತ್ತದೆ. ನಮ್ಮ 34 ವ್ಯಂಜನಗಳ ಕಾಗುಣಿತವೊಂದೇ ನಾನೂರನ್ನು ದಾಟುತ್ತದೆ. ಒತ್ತಕ್ಷರಗಳ ಲೆಕ್ಕ ಬೇರೆ. ಕೈಬರಹಕ್ಕೆ ಇದು ತೊಡಕೇ ಅಲ್ಲ. ಕಂಠಕ್ಕಂತೂ ಕಾಗುಣಿತವೆಂಬುದು ಹಾಡು. ಸೀಸದ ಮೊಳೆಗೆ ಮಾತ್ರ ಅದು ದುಬಾರಿ. ಹೊಸ ಸಾಧನ ಬಂದಾಗ ಒಂದು ಭಾಷೆ ಒಳಗೆ ಸೇರುವುದೋ ಹೊರಗೆ ನಿಲ್ಲುವುದೋ ಎಂಬುದು ಎಷ್ಟೋ ವೇಳೆ ಇಂತಹ ಶುಷ್ಕ ಲೆಕ್ಕದಿಂದ ನಿರ್ಧಾರವಾಗುತ್ತದೆ. ಆ ಭಾಷೆಯ ಸಿರಿವಂತಿಕೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಸ್ಟೀಫನ್ಸನ ಮಹಾಕೃತಿ 'ಕ್ರಿಸ್ತಪುರಾಣ' 1616ರಲ್ಲಿ ರಾಚೋಲಿನಲ್ಲಿ ಅಚ್ಚಾದಾಗ ಅದು ರೋಮನ್ ಅಕ್ಷರಗಳಲ್ಲಿತ್ತು. ಓವಿ ಛಂದಸ್ಸು, ಕೊಂಕಣಿ ಬೆರೆತ ಮರಾಠಿ, ಸುಮಾರು 11,000 ಪದ್ಯಗಳು. ಪುರಾಣದ ಧಾಟಿ ಈ ನೆಲದ್ದು, ಅಕ್ಷರ ಮಾತ್ರ ಲಿಸ್ಬನ್ನಿನದು. ಆತ ಬರೆದ ವ್ಯಾಕರಣ ಅವನ ಮರಣಾನಂತರ, 1640ರಲ್ಲಿ, ಅಚ್ಚಾಯಿತು. ಅದರ ಹೆಸರಿನಲ್ಲಿ ಇಲ್ಲಿನ ಭಾಷೆಯನ್ನು 'ಕಾನಾರಿಂ' ಎಂದು ಕರೆದಿರುವುದನ್ನು ಕನ್ನಡಿಗರು ಗಮನಿಸಬೇಕು. ಕನ್ನಡದ ಹೆಸರನ್ನು ಕೊಂಕಣಿಗೆ ತೊಡಿಸುವಷ್ಟು ಆ ಎರಡೂ ಹೊರಗಿನವರ ಕಣ್ಣಿಗೆ ಹತ್ತಿರವಾಗಿದ್ದವು.

ಮುಂದಿನ ಕಥೆ ಸುಖದ್ದಲ್ಲ. 1684ರಲ್ಲಿ ವೈಸರಾಯ್ ಆಲ್ವೋರ್ ಕೌಂಟನ ಆಜ್ಞೆಯೊಂದು, ಜನರು ಮೂರು ವರ್ಷಗಳೊಳಗೆ ತಮ್ಮ ಮಾತನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ವಿಧಿಸಿತು. ಅಷ್ಟರಲ್ಲಿ ಇಲ್ಲಿನ ಮುದ್ರಣವೂ ನಿಂತುಹೋಗಿತ್ತು. ಭಾರತಕ್ಕೆ ಅಚ್ಚನ್ನು ತಂದ ನೆಲದಲ್ಲಿ ಅದು ಮತ್ತೆ ನಡೆಯಲಾರಂಭಿಸಿದ್ದು 1821ರಲ್ಲಿ, ಸರಕಾರಿ ಗೆಜೆಟ್ಟಿನೊಂದಿಗೆ. ಗೋಯ್‌ಕಾನಡಿ ಲಿಪಿ ಹಳೆಯ ಕಡತಗಳಲ್ಲಿ ಉಳಿಯಿತೇ ಹೊರತು ಓದುವ ಕಣ್ಣುಗಳನ್ನು ಕಳೆದುಕೊಂಡಿತು. ಇಂದು ಅದನ್ನು ಓದಬಲ್ಲವರು ಬೆರಳೆಣಿಕೆಯ ತಜ್ಞರು. ಆ ಲಿಪಿ ಅಳಿಯಲು ಆಜ್ಞೆಯೊಂದೇ ಕಾರಣವಲ್ಲ, ಅಚ್ಚಿನಲ್ಲಿ ಅದಕ್ಕೆ ಜಾಗ ದೊರೆಯದೆ ಹೋದದ್ದೂ ಕಾರಣವೆಂದು ನಾನು ಭಾವಿಸುತ್ತೇನೆ.

ಇನ್ನು ಕ್ರಿಸ್ತಪುರಾಣಕ್ಕೆ ಏನಾಯಿತು? 1616ರಲ್ಲಿಯೂ ಅನಂತರ 1649 ಮತ್ತು 1654ರಲ್ಲಿಯೂ ಅಚ್ಚಾದ ಪ್ರತಿಗಳಲ್ಲಿ ಒಂದೂ ಇಂದು ಸಿಗುವುದಿಲ್ಲ. ಅದನ್ನು ಉಳಿಸಿದ್ದು ಕೈಬರಹ ಮತ್ತು ಕಂಠ. ಗೋವೆಯಿಂದ ದಕ್ಷಿಣಕ್ಕೆ ಕನ್ನಡ ಕರಾವಳಿಗೆ ವಲಸೆ ಹೋದ ಕ್ರೈಸ್ತ ಕುಟುಂಬಗಳು ಅದರ ನಕಲುಗಳನ್ನು ಕೊಂಡೊಯ್ದವು, ಮನೆಗಳಲ್ಲಿ ಹಾಡಿದವು, ಹರಿದಾಗ ಮತ್ತೆ ಬರೆದವು. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅವರು ಅಂತಹ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಅಚ್ಚಾದದ್ದು ಶಾಶ್ವತ, ಬಾಯಿಮಾತು ನಶ್ವರ ಎಂದು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಈ ಪುಸ್ತಕದ ವಿಷಯದಲ್ಲಿ ಅದು ತಿರುವುಮುರುವಾಯಿತು.

ಮಂಗಳೂರಿನ ಪ್ರಸ್ತಾಪ ಬಂದದ್ದರಿಂದ ಕನ್ನಡ ಅಕ್ಷರಗಳ ಭಾಗ್ಯವನ್ನೂ ಹೇಳಿಬಿಡುತ್ತೇನೆ. ಸ್ಟೀಫನ್ಸ್ ಪತ್ರ ಬರೆದ ಇನ್ನೂರು ವರ್ಷಗಳ ಮೇಲೆ, 1817ರಲ್ಲಿ, ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಕೈಬರಹವನ್ನೇ ಕಲ್ಲಿನ ಮೇಲೆ ಇಳಿಸಿ ಒತ್ತುವ ಆ ವಿಧಾನದಲ್ಲಿ 600 ಮೊಳೆಗಳ ತಕರಾರೇ ಇರಲಿಲ್ಲ. ಮುಂದೆ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ಕನ್ನಡದ ಮೊಳೆಗಳು ನೆಲೆಯೂರಿದವು. 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಲ್ಲಿಂದಲೇ ಬಂದಿತು. ಕರಾವಳಿಯಲ್ಲಿ ಕನ್ನಡದ ಮೊಳೆಗಳು ಕೈಗೆಟುಕುವಂತಾದ ಮೇಲೆ ಕೊಂಕಣಿಯೂ ಅದನ್ನೇ ಅಪ್ಪಿಕೊಂಡಿತು. 1912ರಲ್ಲಿ ಮಂಗಳೂರಿನಲ್ಲಿ ಆರಂಭವಾದ 'ಕೊಂಕಣಿ ದಿರ್ವೆಂ' ಕನ್ನಡ ಲಿಪಿಯ ಪತ್ರಿಕೆ. ಗೋವೆಯಲ್ಲಿ ಮೊಳೆಯಿಲ್ಲದೆ ಕಳೆದುಹೋದ ನಂಟು ಮಂಗಳೂರಿನಲ್ಲಿ ಮೊಳೆಯಿದ್ದುದರಿಂದ ಮರಳಿ ದೊರೆಯಿತೆನ್ನಬಹುದು.

ಈಗ ನಮ್ಮ ಕಾಲಕ್ಕೆ ಬರೋಣ. ಕಂಪ್ಯೂಟರ್ ಬಂದಾಗ ಅದೇ 600ರ ಪ್ರಶ್ನೆ ಮತ್ತೆ ಎದುರಾಯಿತು. ಇಂಗ್ಲಿಷಿನ 26 ಅಕ್ಷರಗಳಿಗಾಗಿ ಮಾಡಿದ ಕೀಲಿಮಣೆಯಲ್ಲಿ ಕನ್ನಡವನ್ನು ಹೇಗೆ ಕೂರಿಸುವುದು? ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕಂಡುಕೊಂಡ ಪರಿಹಾರ ನಮ್ಮ ಕಾಗುಣಿತದ ಒಳಗೇ ಇತ್ತು. ಮೂಲಾಕ್ಷರಗಳಿಗೆ ಮಾತ್ರ ಕೀಲಿ ಕೊಡುವುದು. ಗುಣಿತವನ್ನೂ ಒತ್ತನ್ನೂ ಯಂತ್ರವೇ ಕೂಡಿಸಿಕೊಳ್ಳುವುದು. ಅಜ್ಜಂದಿರ ಕಾಲದಲ್ಲಿ ಮಗು 'ಕ'ಕ್ಕೆ ಇಳಿ ಕೊಟ್ಟರೆ 'ಕಾ' ಎಂದು ಹಾಡುತ್ತ ಕಲಿತದ್ದನ್ನೇ ಯಂತ್ರಕ್ಕೂ ಕಲಿಸಿದರು. ಆ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳನ್ನು ತಲುಪಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಹೊರನಾಡಿನ ಕನ್ನಡಿಗರು ಮೊದಲ ಬಾರಿಗೆ ಮನೆಯಲ್ಲಿ ಕುಳಿತು ಕನ್ನಡದಲ್ಲಿ ಟೈಪು ಮಾಡಿದ್ದು ಬಹುತೇಕ ಅದರಿಂದಲೇ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸ್ಥಾನ ನಿಗದಿಪಡಿಸುವ ಯೂನಿಕೋಡ್ ಪಟ್ಟಿಯ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡ ಅದರಲ್ಲಿಯೇ ಇತ್ತು. ಈ ಬಾರಿ ಕನ್ನಡ ಬಾಗಿಲ ಹೊರಗೆ ನಿಲ್ಲಲಿಲ್ಲ.

ತೊಡಕು ತೀರಿತೆಂದು ಮಾತ್ರ ತಿಳಿಯಬೇಡಿ. ಈ ಸ್ಮರಣ ಸಂಪುಟಕ್ಕೆ ಬಂದ ಲೇಖನಗಳನ್ನೇ ನೋಡಿ. ಕೆಲವು ಹಳೆಯ ನುಡಿಯಲ್ಲಿ, ಕೆಲವು ಬರಹದಲ್ಲಿ, ಕೆಲವು ಯೂನಿಕೋಡಿನಲ್ಲಿ, ಹಿರಿಯ ಹಳೆಯ ವಿದ್ಯಾರ್ಥಿಗಳವು ಫುಲ್‌ಸ್ಕೇಪ್ ಹಾಳೆಯ ಮೇಲೆ ಮಸಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತುಗಳೂ ಒತ್ತಕ್ಷರಗಳೂ ದಿಕ್ಕೆಟ್ಟು ಓಡಿದವು. ಅವುಗಳನ್ನು ಹಿಡಿದು ತಂದು ಅವುಗಳ ಜಾಗದಲ್ಲಿ ಕೂರಿಸಿದ ನಮ್ಮ ಇಬ್ಬರು ಶಿಕ್ಷಕಿಯರಿಗೆ ಸಂಪಾದಕ ಮಂಡಲಿ ಋಣಿಯಾಗಿರಬೇಕು.

ಅಕ್ಷರಕ್ಕೆ ಜಾಗ ಸಿಕ್ಕ ಮೇಲೆ ಪುಸ್ತಕಗಳೂ ಹಿಂದೆಯೇ ಬಂದವು. ನಮ್ಮ ಶಾಲೆಯಂತಹ ಹೊರನಾಡಿನ ಶಾಲೆಗೆ ಇದರ ಬೆಲೆ ಎಷ್ಟೆಂಬುದು ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು. ಮಾರ್ಮುಗೋವಾ ಬಂದರಿನಿಂದ ಲೋಂಡಾದ ಕಡೆಗೆ 19ನೆಯ ಶತಮಾನದ ಕೊನೆಯಲ್ಲಿ ಹಾಕಿದ ರೈಲು ಹಳಿ ಕನ್ನಡಿಗ ದುಡಿಮೆಗಾರರನ್ನು ಇಲ್ಲಿಗೆ ತಂದಿತು, ಅವರಿಗೆ ಕನ್ನಡ ಪುಸ್ತಕವನ್ನೂ ತಂದಿತು. ಧಾರವಾಡಕ್ಕೋ ಹುಬ್ಬಳ್ಳಿಗೋ ಹೋದವರು ಮರಳುವಾಗ ಚೀಲದಲ್ಲಿ ಎರಡು ಕಥೆಪುಸ್ತಕ ತಂದರೆ ಅದು ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬರುತ್ತಿತ್ತು. ಇಂದು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದೆ. 'ವಚನ ಸಂಚಯ'ದಲ್ಲಿ 20,000ಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಬಹುದು, ನಾನು ಎಂ.ಎ. ಓದುವಾಗ ಒಂದು ಪದದ ಪ್ರಯೋಗ ಹುಡುಕಲು ಒಂದು ವಾರ ಗ್ರಂಥಾಲಯದಲ್ಲಿ ಕುಳಿತದ್ದುಂಟು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣದಲ್ಲಿ ಚಿತ್ರಸಹಿತ ಕನ್ನಡ ಕಥೆಗಳು ಬಿಡಿಗಾಸಿಲ್ಲದೆ ಸಿಗುತ್ತವೆ. ಅದೇ ಕಥೆ ಕೊಂಕಣಿಯಲ್ಲಿ, ಮರಾಠಿಯಲ್ಲಿ ಇದ್ದರೆ ಮಗು ನೆರೆಮನೆಯ ಗೆಳತಿಯೊಂದಿಗೆ ಕೂಡಿ ಓದಬಹುದು. ಕೊಂಕಣಿಯವರೂ ಹಿಂದೆ ಉಳಿದಿಲ್ಲ. ಗೋವಾ ವಿಶ್ವವಿದ್ಯಾಲಯವು ತನ್ನ ನಾಲ್ಕು ಸಂಪುಟಗಳ 'ಕೊಂಕಣಿ ವಿಶ್ವಕೋಶ'ವನ್ನು 2013ರಲ್ಲಿ ಯಾರು ಬೇಕಾದರೂ ಬಳಸುವಂತೆ ಮುಕ್ತಗೊಳಿಸಿತು. 2015ರಲ್ಲಿ ಆರಂಭವಾದ ಕೊಂಕಣಿ ವಿಕಿಪೀಡಿಯದಲ್ಲಿ ದೇವನಾಗರಿ, ರೋಮನ್, ಕನ್ನಡ ಮೂರೂ ಲಿಪಿಗಳ ಬರಹಗಳಿವೆ. ಸೀಸದ ಮೊಳೆಗಳ ಕಾಲದಲ್ಲಿ ಅವು ಬೇರೆ ಬೇರೆ ಊರಿನ ಬೇರೆ ಬೇರೆ ಅಚ್ಚುಕೂಟಗಳಿಗೆ ಹಂಚಿಹೋಗಿದ್ದವು.

ಇಷ್ಟೆಲ್ಲ ಅಂಗೈಯಲ್ಲಿದೆ. ಆದರೆ ಮನೆಯಲ್ಲಿ ನಡೆಯುತ್ತಿರುವುದೇನು?

ನಮ್ಮ ಮಕ್ಕಳ ಪೋಷಕರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ದುಡಿಮೆಗಾಗಿ ಬಂದವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಗುತ್ತಿಗೆದಾರನೊಂದಿಗೆ ಹಿಂದಿ. ಮೊಬೈಲಿಲ್ಲದ ಮನೆಯಿಲ್ಲ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಿತ್ಯ ನೂರಾರು ಸಂದೇಶಗಳು ಹರಿಯುತ್ತವೆ. ಭಾಷೆ ಅಪ್ಪಟ ಉತ್ತರ ಕರ್ನಾಟಕದ ಕನ್ನಡ, ಲಿಪಿ ರೋಮನ್. ನಾನೇ ಅ ಆ ಇ ಈ ತಿದ್ದಿಸಿದ ಮಕ್ಕಳು ಇಂದು ನನಗೆ ಶಿಕ್ಷಕರ ದಿನದ ಶುಭಾಶಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳುಹಿಸುತ್ತಾರೆ. 1616ರ ಕ್ರಿಸ್ತಪುರಾಣದ ಪುಟವೂ ಇದೇ ಅಲ್ಲವೇ ಎಂದು ನನಗೆ ಅನ್ನಿಸಿದ್ದುಂಟು. ಒಂದು ವ್ಯತ್ಯಾಸವಿದೆ. ಸ್ಟೀಫನ್ಸನಿಗೆ ನೆಲದ ಲಿಪಿ ಬೇಕಿತ್ತು, ಮೊಳೆ ಇರಲಿಲ್ಲ. ನಮ್ಮವರ ಬೆರಳಡಿಯಲ್ಲಿ ಮೊಳೆ ಇದೆ, ಅದನ್ನು ತೆರೆದು ನೋಡುವ ವ್ಯವಧಾನ ಇಲ್ಲ. ಕಾರಣ ಕೇಳಿದರೆ, "ಅದು ನಿಧಾನ ಆಗ್ತದ್ರಿ ಅಕ್ಕೋರ" ಎನ್ನುತ್ತಾರೆ. ಒಂದೆರಡು ವಾರ ಅಭ್ಯಾಸ ಮಾಡಿದವರು ಆ ಮಾತನ್ನು ಮತ್ತೆ ಆಡಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಬದಲಾವಣೆಯ ಬಗ್ಗೆ ನನಗೆ ಇಷ್ಟು ಸುಲಭವಾಗಿ ತೀರ್ಪು ಕೊಡಲಾಗುವುದಿಲ್ಲ. ಓದು ಮತ್ತೆ ಕೇಳುವಿಕೆಯಾಗುತ್ತಿದೆ. ಅಕ್ಷರ ಬಾರದ ತಾಯಿ ಧ್ವನಿ ಸಂದೇಶ ಕಳುಹಿಸುತ್ತಾಳೆ. ಮೊದಲಾದರೆ ಆಕೆ ಶಾಲೆಗೆ ಬಂದು ಬಾಗಿಲ ಬಳಿ ಸಂಕೋಚದಿಂದ ನಿಲ್ಲುತ್ತಿದ್ದಳು. 2017ರಿಂದ ಗೂಗಲ್‌ನಲ್ಲಿ ಕನ್ನಡದ ಧ್ವನಿ ಬರಹವೂ ಇದೆ. ತಾಯಿ ಆಡಿದ ಮಾತು ಅಕ್ಷರವಾಗಿ ತೆರೆಯ ಮೇಲೆ ಮೂಡುತ್ತದೆ. ಅದು ಸರಿಯಾಗಿದೆಯೇ ಎಂದು ನೋಡಲು ಆಕೆಗೆ ಓದು ಬಾರದು. ಯಂತ್ರಕ್ಕೆ ಪುಸ್ತಕದ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಮುದ್ದೇಬಿಹಾಳದ ಕನ್ನಡಕ್ಕೆ ಅದು ಆಗಾಗ ತಡವರಿಸುತ್ತದೆ. ಮಗ ಅದನ್ನು ತಿದ್ದಿ ಕಳುಹಿಸುತ್ತಾನೆ. ಮಗ ತಿದ್ದುವ ಆ ಅರ್ಧ ನಿಮಿಷದಲ್ಲಿ ಒಂದು ಪಾಠ ನಡೆಯುತ್ತದೆ ಎಂದು ನಾನು ತಿಳಿದಿದ್ದೇನೆ.

ಕಥೆಯೂ ಹಾಗೆಯೇ. ಕುಲಗೋಡ ತಮ್ಮಣ್ಣನ ಕಾಲದಿಂದ ಉತ್ತರ ಕರ್ನಾಟಕದ ಊರೂರಿನಲ್ಲಿ ರಾತ್ರಿಯಿಡೀ ನಡೆಯುತ್ತ ಬಂದ ಶ್ರೀಕೃಷ್ಣ ಪಾರಿಜಾತವನ್ನು ಗೋವೆಯ ಬಾಡಿಗೆ ಕೋಣೆಯಲ್ಲಿ ಕುಳಿತು ಯೂಟ್ಯೂಬಿನಲ್ಲಿ ನೋಡುತ್ತಾರೆ. ಊರು ಬಿಟ್ಟು ಬಂದವರಿಗೆ ಇದು ಸಣ್ಣ ಸಮಾಧಾನವಲ್ಲ. ಆದರೆ ಮಕ್ಕಳು ನೋಡುವುದು ಹತ್ತು ನಿಮಿಷದ ತುಂಡುಗಳನ್ನು. ಗೊಲ್ಲತಿಯ ಸಂವಾದ ಬಾಯಿಪಾಠವಾಗಿದೆ, ಕೊರವಂಜಿಯ ಕಣಿ ಬಾಯಿಪಾಠವಾಗಿದೆ. ಸತ್ಯಭಾಮೆಗೆ ಕೋಪ ಬಂದದ್ದೇಕೆ ಎಂದು ಕೇಳಿದರೆ ತರಗತಿ ಮೌನ. ಕಾಯುವಿಕೆ ಕಥೆಯ ಒಂದು ಅಂಗವೆಂಬುದನ್ನು ತುಂಡುಗಳು ಕಲಿಸುವುದಿಲ್ಲ. ಬೆಳಗಿನ ಜಾವ ಪಾರಿಜಾತ ಮುಗಿಯುವಾಗ ತೂಕಡಿಸುತ್ತ ಕುಳಿತವರಿಗೆ ಅದು ತಾನಾಗಿಯೇ ತಿಳಿಯುತ್ತಿತ್ತು.

ಮುದ್ರಣಕ್ಕೂ ಧ್ವನಿಮುದ್ರಣಕ್ಕೂ ಇರುವ ಇನ್ನೊಂದು ಭೇದವನ್ನು ನನಗೆ ತೋರಿಸಿಕೊಟ್ಟವಳು ಮೂರನೆಯ ತರಗತಿಯ ಹುಡುಗಿ. ಅವಳ ಆಯಿ ಊರಿನಿಂದ ಬಂದಿದ್ದಾಗ ಶಾಲೆಗೆ ಕರೆದು, ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿಸಿದೆವು. ಕಾಗಕ್ಕನ ಸೆಗಣಿಯ ಮನೆ ಮಳೆಗೆ ಕರಗಿತೆಂದು ಆಕೆ ಹೇಳುತ್ತಿದ್ದಂತೆ ಮೊಮ್ಮಗಳು ಎದ್ದು, "ಆಯೀ, ನೀ ತಪ್ಪ ಹೇಳಾಕತ್ತಿ, ಅದು ಮಣ್ಣಿನ ಮನಿ, ಮೊಬೈಲ್‌ನಾಗ ಹಂಗ ಐತಿ" ಎಂದಳು. ಮುದುಕಿ ಸ್ವಲ್ಪವೂ ವಿಚಲಿತಳಾಗಲಿಲ್ಲ. "ನಿನ್ನ ಮೊಬೈಲಿನ ಕಾಗಿ ಬ್ಯಾರೆ, ನಮ್ಮ ಓಣ್ಯಾಗಿನ ಕಾಗಿ ಬ್ಯಾರೆ" ಎಂದು ಮುಂದುವರಿಸಿದಳು. ನಾವೆಲ್ಲ ನಕ್ಕೆವು. ಆದರೆ ಆ ಮಗುವಿನ ಮನಸ್ಸಿನಲ್ಲಿ ಒಂದು ಪಾಠ ಸರಿ, ಉಳಿದದ್ದು ತಪ್ಪು ಎಂಬ ಎಣಿಕೆ ಕುಳಿತಿತ್ತು. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರು ಮನೆಮನೆಯ ಹೆಂಗಸರ ಬಾಯಿಂದ ಕಥೆ ಸಂಗ್ರಹಿಸಿದಾಗ ಒಂದೇ ಕಥೆಯ ಹಲವು ಪಾಠಗಳನ್ನು ಬೆಲೆಬಾಳುವ ವಸ್ತುಗಳಂತೆ ಜೋಪಾನ ಮಾಡಿದರು. ಅಚ್ಚಾದ ಕಥೆಯ ಪದಗಳು ನಿಂತುಬಿಟ್ಟರೂ ಓದುವವರ ದನಿ ಅವರದೇ ಆಗಿರುತ್ತಿತ್ತು. ವಿಡಿಯೋದಲ್ಲಿ ದನಿಯೂ ನಿಂತುಬಿಟ್ಟಿದೆ, ಕಾಗೆಯ ಬಣ್ಣವೂ ನಿಂತುಬಿಟ್ಟಿದೆ. ಮಗುವಿಗೆ ಊಹಿಸಲು ಉಳಿಯುವುದು ಕಡಿಮೆ.

ತೆರೆಯ ಮೇಲೆ ಓದಿದರೆ ತಲೆಗೆ ಹತ್ತುತ್ತದೆಯೇ ಎಂಬುದು ಶಿಕ್ಷಕರ ಪ್ರಶ್ನೆ. ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು 54 ಅಧ್ಯಯನಗಳನ್ನು, ಎಂದರೆ 1,71,000ಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು, ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮಾಹಿತಿಯ ಪಾಠಗಳನ್ನು ಕಾಗದದ ಮೇಲೆ ಓದಿದವರ ಗ್ರಹಿಕೆ ಹೆಚ್ಚು. ಸಮಯದ ಒತ್ತಡವಿದ್ದಾಗ ಕಾಗದದ ಮೇಲುಗೈ ಇನ್ನೂ ಸ್ಪಷ್ಟ. ಕಥೆಯ ಓದಿನಲ್ಲಿ ಮಾತ್ರ ಅಂತಹ ವ್ಯತ್ಯಾಸ ಕಂಡುಬರಲಿಲ್ಲ. ಇದನ್ನು ನಾನು ಶಿಕ್ಷಕಿಯರ ಸಭೆಯಲ್ಲಿ ಹೇಳಿದಾಗಿನಿಂದ ನಮ್ಮಲ್ಲಿ ಸಮಾಜ ವಿಜ್ಞಾನದ ಪಾಠ ಪುಸ್ತಕದಲ್ಲಿ, ಕಥೆ ಬೇಕಾದರೆ ತೆರೆಯಲ್ಲಿ ಎಂಬ ಒಂದು ಒರಟು ಕಟ್ಟಳೆ ನಡೆಯುತ್ತಿದೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಕಟ್ಟಳೆಗೆ ಅವಕಾಶವೇ ಇರಲಿಲ್ಲ. ಮನೆಯಲ್ಲಿದ್ದುದು ಒಂದು ಮೊಬೈಲು. ಅದು ತಂದೆಯೊಂದಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಿತ್ತು. ಮೂರು ಮಕ್ಕಳು ಸರದಿಯಲ್ಲಿ ರಾತ್ರಿ ಹತ್ತರವರೆಗೆ ಪಾಠ ಕೇಳಿದರು. ಆ ಎರಡು ವರ್ಷ ಕಳೆದು ಮರಳಿ ಬಂದ ಎರಡನೆಯ ತರಗತಿಯವರಿಗೆ ಮಾತು ಚುರುಕಾಗಿತ್ತು, ಕಥೆಗಳು ಬೇಕಾದಷ್ಟು ಗೊತ್ತಿದ್ದವು, ಒತ್ತಕ್ಷರ ಬಂದ ಕಡೆಯೆಲ್ಲ ಬೆರಳು ನಿಲ್ಲುತ್ತಿತ್ತು. ಕಿವಿಗೆ ಬಂದ ಭಾಷೆ ಕಣ್ಣಿಗೆ ಬಂದಿರಲಿಲ್ಲ. ನನ್ನ ಆತಂಕ ಇರುವುದು ಇಲ್ಲಿಯೇ. ಕನ್ನಡ ಮಾತು ಗೋವೆಯಲ್ಲಿ ಬೇಗ ಅಳಿಯುವುದಿಲ್ಲ, ಫೋನು ಅದನ್ನು ದಿನವೂ ಊರಿನೊಂದಿಗೆ ಬೆಸೆಯುತ್ತಿದೆ. ಅಳಿಯಬಹುದಾದದ್ದು ಲಿಪಿ. ಮಾತು ಉಳಿದು ಲಿಪಿ ಹೋದ ಉದಾಹರಣೆ ಈ ನೆಲದಲ್ಲಿಯೇ ಇದೆ.

ಈ ಕಾರಣದಿಂದ ಶತಮಾನೋತ್ಸವದ ವರ್ಷದಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ಒಂದು ಕೆಲಸ ಒಪ್ಪಿಸಿದೆವು. ಪ್ರತಿಯೊಬ್ಬರೂ ಮನೆಯ ಹಿರಿಯರಿಂದ ಒಂದು ಕಥೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿ ತರಬೇಕು. ಹಿರಿಯರು ಊರಿನಲ್ಲಿದ್ದರೆ ಫೋನು ಮಾಡಿಯೇ ಕೇಳಬೇಕು. ಅದನ್ನು ಮತ್ತೆ ಮತ್ತೆ ಕೇಳಿ ಮೊದಲು ನೋಟುಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆಯಿಂದ ಟೈಪು ಮಾಡಬೇಕು. ಒಂದು ಪುಟ ಬರೆಯಲು ಕೆಲವರಿಗೆ ಒಂದು ತಿಂಗಳು ಹಿಡಿಯಿತು. ಕಿವಿಯಲ್ಲಿ ಕೇಳಿದ್ದನ್ನು ಅಕ್ಷರದಲ್ಲಿ ಹಿಡಿಯುವುದು ಎಷ್ಟು ಕಷ್ಟವೆಂದು ಅವರಿಗೂ ತಿಳಿಯಿತು, ನಮಗೂ ತಿಳಿಯಿತು. ಒಂದು ದಿನ ಮೂವರು ಜಗಳವಾಡುತ್ತ ನನ್ನ ಕೋಣೆಗೆ ಬಂದರು. ಅಜ್ಜಿ ಹೇಳಿದ್ದು 'ಬರಾಕತ್ತಾನ' ಎಂದು ಒಬ್ಬ, 'ಬರಾಕ್ಹತ್ತ್ಯಾನ' ಎಂದು ಇನ್ನೊಬ್ಬ, ತಮ್ಮ ಮನೆಯಲ್ಲಿ 'ಬರ್ಲಿಕ್ಕತ್ತಾನ' ಎನ್ನುತ್ತಾರೆಂದು ಒಬ್ಬಳು. ಯಾವುದು ಸರಿ? ಕಂಪ್ಯೂಟರು ಮೂರರ ಕೆಳಗೂ ಕೆಂಪು ಗೆರೆ ಎಳೆದಿತ್ತು. ಧ್ವನಿಮುದ್ರಿಕೆಗಳನ್ನು ಒಂದೊಂದಾಗಿ ಹಾಕಿ ಎಲ್ಲರೂ ಕೂಡಿ ಕೇಳಿದೆವು. ಮೂರು ಅಜ್ಜಿಯರೂ ತಂತಮ್ಮ ರೀತಿಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು.

ಆ ಕಥೆಗಳಲ್ಲಿ ಹನ್ನೊಂದನ್ನು ಆರಿಸಿ ಈ ಸಂಪುಟದ ಕೊನೆಯ ಭಾಗದಲ್ಲಿ ಅಚ್ಚು ಹಾಕಿಸಿದ್ದೇವೆ. ಮೂರೂ ರೂಪಗಳು ಅಲ್ಲಿ ಹಾಗೆಯೇ ಇವೆ. ಕರಡು ನೋಡುವವರು ಅವುಗಳನ್ನು ತಿದ್ದಬಾರದೆಂದು ಮುದ್ರಕರಿಗೆ ಪ್ರತ್ಯೇಕ ಚೀಟಿ ಬರೆದು ಕಳುಹಿಸಿದ್ದೇನೆ.